ಅಡುಗೆಮನೆಯಲ್ಲಿ ನಿಂತವಳು

ಧಾರವಾಡದಿಂದ ಅಕ್ಕ ಪುಣೆಗೆ ಬಂದು ನಾಲ್ಕು ದಿನವಾಗಿತ್ತು. ರಾತ್ರಿ ಪಾತ್ರೆ ತೊಳೆದು ಅವಳು ಹೊರಕೋಣೆಗೆ ಬರುವಷ್ಟರಲ್ಲಿ ತಮ್ಮ ಲ್ಯಾಪ್‌ಟಾಪ್ ತೆರೆದು ಕೂತಿರುತ್ತಿದ್ದ. ಪರದೆಯ ಮೇಲೆ ಒಂದು ಚಿತ್ರ, ಅದರ ಮೇಲೆ ಸಾಲುಸಾಲಾಗಿ ಮೂಡುವ ಅಕ್ಷರ. ಅವನು ಓದುತ್ತಾನೆ, ಗುಂಡಿ ಒತ್ತುತ್ತಾನೆ, ಮತ್ತೆ ಓದುತ್ತಾನೆ.

"ಇದ್ಯಾವ ಆಟನೋ? ಬರೇ ಓದಾಕತ್ತೀಯಲ್ಲ."

"ಇದು ಹಿಂಗ ಇರತೈತಿ. ಓದೂದು, ನಡುನಡುವ ಏನ್ ಮಾಡಬೇಕಂತ ಆರಿಸೂದು."

ವಿಶುವಲ್ ನಾವೆಲ್ ಎಂಬುದನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವುದು ಕಷ್ಟ. ಅವನು ಓದುತ್ತಿದ್ದದ್ದು 'ಫೇಟ್/ಸ್ಟೇ ನೈಟ್'. ಜಪಾನಿನ ಟೈಪ್-ಮೂನ್ ತಂಡ 2004ರ ಜನವರಿಯಲ್ಲಿ ಹೊರತಂದ ಕಥೆ. ಬರೆದವರು ಕಿನೊಕೊ ನಾಸು, ಚಿತ್ರ ತಕಾಶಿ ತಕೆಯುಚಿ ಅವರದು. ಇಂಗ್ಲಿಷಿನಲ್ಲಿ ಅಧಿಕೃತವಾಗಿ ಅದು ಬಂದದ್ದು ಇಪ್ಪತ್ತು ವರ್ಷ ಕಳೆದು, 2024ರ ಆಗಸ್ಟ್‌ನಲ್ಲಿ. ಬಂದ ವಾರವೇ ಅವನು ಕೊಂಡಿದ್ದ. ಕಥೆ ಅವನಿಗೆ ಹೊಸದಲ್ಲ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಅದರ ಅನಿಮೆ ನೋಡಿದ್ದ. ಅಂದಿನಿಂದ ಅವನ ಲ್ಯಾಪ್‌ಟಾಪಿನ ಮೇಲೆ ಇರುವ ಚಿತ್ರ ಒಂದೇ. ಕೆಂಪು ಅಂಗಿ, ಎರಡು ಜುಟ್ಟು, ಸೊಂಟದ ಮೇಲೆ ಕೈ: ರಿನ್ ತೋಸಾಕಾ.

ರಿನ್ ಯಾಕೆ ಇಷ್ಟ ಎಂದು ಕೇಳಿದರೆ ಅವನ ಬಳಿ ಉತ್ತರ ಸಿದ್ಧವಿದೆ. ಬುದ್ಧಿವಂತೆ, ಯಾರ ಹಂಗಿಗೂ ಬೀಳದವಳು, ಬಾಯಿ ಜೋರು, ಮನಸ್ಸು ಮೆತ್ತಗೆ. ಶಾಲೆಯಲ್ಲಿ ಅಷ್ಟು ಠಾಕುಠೀಕಾಗಿ ಇರುವವಳು ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಅರೆಜೀವವಾಗಿರುತ್ತಾಳೆ. ಇಂಥ ಸಣ್ಣ ಊನಗಳನ್ನು ಇಡಲು ಈ ಬರಹಗಾರರಿಗೆ ಚೆನ್ನಾಗಿ ಗೊತ್ತು. ಪೂರ್ತಿ ಪರಿಪೂರ್ಣಳಾದವಳನ್ನು ಜನ ಮೆಚ್ಚುತ್ತಾರೆ, ಹಚ್ಚಿಕೊಳ್ಳುವುದಿಲ್ಲ. ಹಚ್ಚಿಕೊಂಡವರು ಜಗತ್ತಿನಾದ್ಯಂತ ಇಂಥ ಪಾತ್ರವನ್ನು 'ವೈಫು' ಎನ್ನುತ್ತಾರೆ. 2002ರ 'ಅಜುಮಾಂಗಾ ದಾಯೋ' ಎಂಬ ಅನಿಮೆಯಲ್ಲಿ ಒಬ್ಬ ವಿಚಿತ್ರ ಮೇಷ್ಟ್ರು ತನ್ನ ಹೆಂಡತಿಯ ಫೋಟೋ ಬಗ್ಗೆ ಜಪಾನೀ ಉಚ್ಚಾರದ ಇಂಗ್ಲಿಷಿನಲ್ಲಿ ಆಡಿದ ಮಾತು ಅದು. ತಮಾಷೆಗೆ ಹುಟ್ಟಿದ ಶಬ್ದವನ್ನು ಈಗ ಪೂರ್ತಿ ತಮಾಷೆಗೇ ಬಳಸುತ್ತಾರೆ ಅನ್ನುವ ಹಾಗಿಲ್ಲ.

ಅವತ್ತು ಅಕ್ಕ ಟೀಪಾಯಿಯ ಮೇಲೆ ಕೊತ್ತಂಬರಿ ಬಿಡಿಸುತ್ತ ಕೂತಿದ್ದಳು. ಪರದೆಯ ಕಡೆ ಬೆರಳು ಮಾಡಿದಳು.

"ಈಕಿ ಯಾರು?"

"ಯಾವಾಕಿ?"

"ಅಡಗಿಮನ್ಯಾಗ ನಿಂತಾಕಿ. ನಾ ಬಂದಾಗಿಂದ ನೋಡಾಕತ್ತೀನಿ, ಅಡಗಿನ ಮಾಡಾಕತ್ತಾಳ."

"ಆಕಿ ಸಕುರಾ. ಆಕಿ ಕಥಿ ಕಡೀಕ ಬರತೈತಿ."

"ಅಲ್ಲೀತನಕ ಅಡಗೀನ ಮಾಡ್ಬೇಕೇನು?"

ತಮ್ಮ ನಕ್ಕ. ಅಕ್ಕನೂ ನಕ್ಕು ಕೊತ್ತಂಬರಿಯ ಬೇರು ಗುಡಿಸಿಕೊಂಡು ಒಳಗೆ ಹೋದಳು.

ಅಕ್ಕನಿಗೆ ಗೊತ್ತಿಲ್ಲದೆ ಅವಳು ಆ ಕೃತಿಯ ಗುಟ್ಟಿಗೇ ಕೈ ಹಾಕಿದ್ದಳು. (ಇನ್ನೂ ಓದದವರು, ನೋಡದವರು ಇಲ್ಲಿಗೆ ನಿಲ್ಲಿಸಬಹುದು, ಮುಂದೆ ಕಥೆ ಬಯಲಾಗುತ್ತದೆ.)

'ಫೇಟ್'ನಲ್ಲಿ ಮೂರು ದಾರಿಗಳಿವೆ, ಒಂದೊಂದಕ್ಕೆ ಒಬ್ಬ ನಾಯಕಿ. ಮೊದಲನೆಯದು ಸೇಬರ್‌ಳದು: ಗಂಡುವೇಷದಲ್ಲಿ ಆಳಿದ ಆರ್ಥರ್ ದೊರೆ ಅವಳೇ ಎಂಬ ಕಲ್ಪನೆ. ಎರಡನೆಯದು ರಿನ್‌ಳದು. ಇವೆರಡೂ ಮುಗಿಯದೆ ಮೂರನೆಯದು ತೆರೆಯುವುದಿಲ್ಲ. ಅದು ಸಕುರಾ ಮಾತೋಳದು. ಕಥಾನಾಯಕ ಶಿರೋ ಎಮಿಯಾ ಒಂಟಿ ಮನೆಯ ಹುಡುಗ. ಶಾಲೆಯಲ್ಲಿ ಅವನಿಗಿಂತ ಕಿರಿಯಳಾದ ಸಕುರಾ ಬೆಳಿಗ್ಗೆ ಅವನ ಮನೆಗೆ ಬಂದು ತಿಂಡಿ ಮಾಡುತ್ತಾಳೆ. ಮೊದಲೆರಡು ದಾರಿಗಳಲ್ಲಿ ಅವಳ ಕೆಲಸ ಬಹುಮಟ್ಟಿಗೆ ಇಷ್ಟೇ. ಏಳು ಮಾಂತ್ರಿಕರ ಯುದ್ಧ ಬಿರುಸಾದಂತೆ ಅವಳು ಬದಿಗೆ ಸರಿಯುತ್ತಾಳೆ, ಓದುವವನೂ ಮರೆಯುತ್ತಾನೆ.

ಮೂರನೆಯ ದಾರಿ 'ಹೆವನ್ಸ್ ಫೀಲ್'ನಲ್ಲಿ ತಿಳಿಯುವುದು ಇದು: ಸಕುರಾ ರಿನ್‌ಳ ಒಡಹುಟ್ಟಿದ ತಂಗಿ. ಚಿಕ್ಕವಳಿದ್ದಾಗಲೇ ಬೇರೆ ಮಾಂತ್ರಿಕ ಮನೆತನಕ್ಕೆ ದತ್ತು ಹೋದವಳು. ಅಲ್ಲಿ ಹನ್ನೊಂದು ವರ್ಷ ಮುದುಕ ಜೋಕೆನ್ ಅವಳ ಮೈಯನ್ನು ಹುಳುಗಳಿಗೆ ಬಿಟ್ಟು ಹಿಂಸಿಸಿದ್ದಾನೆ. ದತ್ತು ಮನೆಯ ಅಣ್ಣ ಬೇರೆಯೇ ಬಗೆಯಲ್ಲಿ ಹಿಂಸಿಸಿದ್ದಾನೆ. ಬೆಳಿಗ್ಗೆ ನಗುನಗುತ್ತ ಸೂಪು ಕಲಕುತ್ತಿದ್ದವಳು ಹಿಂದಿನ ರಾತ್ರಿ ಎಲ್ಲಿಂದ ಎದ್ದು ಬಂದಿದ್ದಳು ಎಂಬುದು ಎರಡು ದಾರಿ ನಡೆದು ಮುಗಿಸಿದವನಿಗೆ ಆಗ ತಿಳಿಯುತ್ತದೆ. ಹಿಂದಿನ ಎರಡು ಸಲವೂ ಅವಳ ಸ್ಥಿತಿ ಅದೇ ಆಗಿತ್ತು. ಅವನು ಆಗ ಸೇಬರ್‌ಳನ್ನು ಮೆಚ್ಚುತ್ತಿದ್ದ, ರಿನ್‌ಳನ್ನು ಮೆಚ್ಚುತ್ತಿದ್ದ.

ಕಾದಂಬರಿಯಲ್ಲಾಗಲಿ ಸಿನಿಮಾದಲ್ಲಾಗಲಿ ಈ ಕೆಲಸ ಇಷ್ಟು ಸಲೀಸಾಗಿ ಆಗದು. ಅಲ್ಲಿ ನಾಯಕಿಯನ್ನು ಆರಿಸುವವನು ಲೇಖಕ. ಇಲ್ಲಿ ಆರಿಸುವ ಗುಂಡಿ ಓದುವವನ ಬೆರಳ ಕೆಳಗಿದೆ, ಹಾಗಾಗಿ ಬಿಟ್ಟವಳ ಲೆಕ್ಕವೂ ಅವನದೇ.

ತೆರೆಯ ಮೇಲೂ ಅವಳ ಪಾಡು ಹಾಗೇ ಆಯಿತು. 2006ರ ಟಿವಿ ಸರಣಿ ಮುಖ್ಯವಾಗಿ ಸೇಬರ್‌ಳ ಕಥೆ. 2010ರ ಸಿನಿಮಾ, ಆಮೇಲೆ 2014–15ರ ಸರಣಿ, ಎರಡೂ ರಿನ್‌ಳ ದಾರಿಯವು. ಸಕುರಾಳ ಕಥೆ ಯೂಫೋಟೇಬಲ್ ಸ್ಟುಡಿಯೋದ ಮೂರು ಸಿನಿಮಾಗಳಾಗಿ ಬಂದದ್ದು 2017, 2019 ಮತ್ತು 2020ರಲ್ಲಿ. ಹದಿಮೂರು ವರ್ಷ ಅವಳು ಅಡುಗೆಮನೆಯಲ್ಲೇ ನಿಂತಿದ್ದಳು. ಮೊದಲ ಸಿನಿಮಾ ಯುದ್ಧದಿಂದ ಶುರುವಾಗುವುದಿಲ್ಲ. ಶಿರೋಗೆ ಭುಜದ ಗಾಯವಾಗಿದೆ, ಸಹಾಯ ಮಾಡುತ್ತೇನೆಂದು ಈ ಹುಡುಗಿ ಬಾಗಿಲಿಗೆ ಬಂದಿದ್ದಾಳೆ. ಅನ್ನದ ಉಂಡೆ ಕಟ್ಟಲೂ ಬಾರದವಳಿಗೆ ಅವನೇ ಅಡುಗೆ ಕಲಿಸುತ್ತಾನೆ, ಆಮೇಲೆ ಮನೆಯ ಇನ್ನೊಂದು ಕೀಲಿಯನ್ನು ಅವಳ ಕೈಗಿಡುತ್ತಾನೆ. ಇಡೀ ಸಿನಿಮಾ ಸಾಲಿನಲ್ಲಿ ಇದಕ್ಕಿಂತ ದೊಡ್ಡ ದೃಶ್ಯ ಇಲ್ಲವೆಂದರೆ ಕತ್ತಿಕಾಳಗದ ಅಭಿಮಾನಿಗಳು ಜಗಳಕ್ಕೆ ಬರಬಹುದು. ಬರಲಿ.

ಈ ಪ್ರಕಾರದ ಮೇಲೆ ಒಂದು ಹಳೆಯ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಗಂಡಸರು ಗಂಡಸರಿಗಾಗಿ ಬರೆದ ಹೆಣ್ಣುಗಳು ಇವರು. 2004ರ ಮೂಲ 'ಫೇಟ್' ವಯಸ್ಕರಿಗೆಂದೇ ಮಾರಿದ ಆಟ. ಈಗ ಇಂಗ್ಲಿಷಿನಲ್ಲಿ ಸಿಗುವುದು ಆ ದೃಶ್ಯಗಳನ್ನು ತೆಗೆದ ಆವೃತ್ತಿ. ತೆಗೆದದ್ದರಿಂದ ಕಥೆಗೆ ನಷ್ಟವೇನೂ ಆಗಿಲ್ಲ. ಕೀ ಎಂಬ ಇನ್ನೊಂದು ತಂಡದ ಕೃತಿಗಳಲ್ಲಿ ಆಕ್ಷೇಪ ಬೇರೆ: 'ಕಾನೊನ್', 'ಏರ್', 'ಕ್ಲಾನಾಡ್', ಯಾವುದನ್ನು ತೆರೆದರೂ ಒಬ್ಬ ಹುಡುಗಿಗೆ ಗುಣವಾಗದ ಕಾಯಿಲೆ, ಪಕ್ಕದಲ್ಲಿ ಕಣ್ಣೀರಿಡುವ ಹುಡುಗ. ಅಳಿಸುವ ಆಟಗಳು ಎಂದೇ ಜಪಾನಿನಲ್ಲಿ ಇವುಗಳಿಗೆ ಹೆಸರು. ಹೆಣ್ಣಿನ ನೋವು ಗಂಡಿನ ಮನಸ್ಸು ಕರಗಿಸುವ ಸಾಮಗ್ರಿ ಮಾತ್ರ ಆದಾಗ ಓದುವುದು ಮುಜುಗರ.

ಆದರೂ 'ಕ್ಲಾನಾಡ್'ನ ನಾಗಿಸಾಳನ್ನು ಅವನು ಬಿಟ್ಟುಕೊಡುವುದಿಲ್ಲ. ಶಾಲೆಯ ಏರುದಾರಿಯ ಬುಡದಲ್ಲಿ ಧೈರ್ಯ ಸಾಲದೆ ನಿಂತು, ತನಗಿಷ್ಟವಾದ ತಿಂಡಿಯ ಹೆಸರನ್ನು ತಾನೇ ಹೇಳಿಕೊಂಡು ಹೆಜ್ಜೆ ಎತ್ತುವ ಹುಡುಗಿ. ಕಾಯಿಲೆಯಿಂದ ಒಂದು ವರ್ಷ ಹಿಂದೆ ಬಿದ್ದವಳು, ಜೊತೆಯವರೆಲ್ಲ ಮುಂದೆ ಹೋಗಿದ್ದಾರೆ. ಹೆಚ್ಚಿನ ಇಂಥ ಕಥೆಗಳು ಪ್ರೀತಿ ಹೇಳಿಕೊಂಡಲ್ಲಿಗೆ ಮುಗಿಯುತ್ತವೆ. ಇದು ಅಲ್ಲಿಂದ ಮುಂದೆ ಸಂಸಾರಕ್ಕೆ ಹೋಗುತ್ತದೆ. ತೊಮೋಯಾ ಕಂಬ ಹತ್ತುವ ಎಲೆಕ್ಟ್ರಿಕ್ ಕೆಲಸ ಹಿಡಿಯುತ್ತಾನೆ. ಬಾಡಿಗೆ ಕೋಣೆ, ಸಣ್ಣ ಸಂಬಳ, ಹೆರಿಗೆ. ಮಗಳು ಹುಟ್ಟುತ್ತಾಳೆ, ನಾಗಿಸಾ ಉಳಿಯುವುದಿಲ್ಲ. ಹೆತ್ತ ಮಗಳನ್ನು ಅಜ್ಜ ಅಜ್ಜಿಗೆ ಬಿಟ್ಟು ತೊಮೋಯಾ ಐದು ವರ್ಷ ಮುಖ ತಿರುಗಿಸಿಕೊಂಡು ಬದುಕುತ್ತಾನೆ. ಕೊನೆಗೆ ಒಂದು ಪವಾಡ ಉಂಟು, ಆದರೆ ಅದು ಪುಕ್ಕಟೆ ಸಿಗುವುದಿಲ್ಲ. ಊರಿನ ಬೇರೆ ಬೇರೆ ಜನರ ಕಥೆಗಳನ್ನು ಮುಗಿಸಿದಾಗ ಒಂದೊಂದು ಬೆಳಕಿನ ಗುಂಡು ಸಿಗುತ್ತದೆ. ಅವು ಸಾಕಷ್ಟು ಕೂಡದೆ ನಾಗಿಸಾ ಮರಳಿ ಬರುವ ಅಂತ್ಯ ತೆರೆಯದು. ಅವಳೊಬ್ಬಳನ್ನೇ ಹಿಂಬಾಲಿಸಿದವನಿಗೆ ಅವಳು ಸಿಗುವುದಿಲ್ಲ.

ಅನಿಮೆಯಲ್ಲಿ ಈ ಲೆಕ್ಕ ಅಷ್ಟಾಗಿ ತಾಗುವುದಿಲ್ಲ, ಕಥೆ ತಾನಾಗಿ ಓಡುತ್ತದಲ್ಲ. ಆಟವಾಗಿ ಓದಿದಾಗ ಬೆಳಕು ಕೂಡಿಸುತ್ತ ರಾತ್ರಿಗಳು ಹೋಗುತ್ತವೆ, ನಿದ್ದೆಯೂ ಹೋಗುತ್ತದೆ.

ಅಕ್ಕ ಊರಿಗೆ ಹೋದ ಮೇಲೆ ಅವನು ಸಕುರಾಳ ದಾರಿ ಹಿಡಿದ. ಅದು ಸುಲಭವಾಗಿ ಮೆಚ್ಚುವ ಕಥೆಯಲ್ಲ. ಸಕುರಾ ಬರೀ ನೊಂದವಳಾಗಿ ಉಳಿಯುವುದಿಲ್ಲ. ಅವಳಲ್ಲಿ ಹೂತಿದ್ದ ಕರಿನೆರಳು ಊರಿನ ಜನರನ್ನು ನುಂಗುತ್ತದೆ. ಹೊಟ್ಟೆಕಿಚ್ಚು ಅವಳಿಗಿದೆ, ಅಕ್ಕನ ಮೇಲೆ ಹಲವು ವರ್ಷಗಳ ಸಿಟ್ಟಿದೆ: ನೀನು ಯಾಕೆ ಬರಲಿಲ್ಲ ಎಂಬ ಸಿಟ್ಟು. ಎಲ್ಲರನ್ನೂ ಉಳಿಸುವ ವೀರನಾಗಬೇಕೆಂದಿದ್ದ ಶಿರೋ, ಮಳೆಯಲ್ಲಿ ನಿಂತು, ಇನ್ನು ಮುಂದೆ ಅವಳೊಬ್ಬಳ ಪರವಾಗಿ ನಿಲ್ಲುತ್ತೇನೆ ಎನ್ನುತ್ತಾನೆ. ಅದು ಸರಿಯೇ ಎಂದು ಕೃತಿ ಎಲ್ಲೂ ತೀರ್ಪು ಕೊಡುವುದಿಲ್ಲ. ಸತ್ತವರು ಸತ್ತೇ ಇದ್ದಾರೆ. ನೊಂದವಳು ಒಳ್ಳೆಯವಳಾಗಿ ಉಳಿದರೆ ಮಾತ್ರ ಅವಳ ಮೇಲೆ ಮರುಕ ತೋರಿಸುವ ಅಭ್ಯಾಸ ಕಥೆ ಓದುವವರಿಗೆಲ್ಲ ಇದೆ. ಸಕುರಾಳನ್ನು ಬಹಳ ಅಭಿಮಾನಿಗಳು ಇಷ್ಟಪಡದಿರಲು ಅದೂ ಒಂದು ಕಾರಣವಿರಬೇಕು. ಅವನೂ ಹಾಸ್ಟೆಲಿನಲ್ಲಿ ಅವಳನ್ನು ಸಪ್ಪೆ ಹುಡುಗಿ ಎಂದು ಗೆಳೆಯರ ಮುಂದೆ ಆಡಿಕೊಂಡವನೇ.

ಆ ಹಾಸ್ಟೆಲಿನ ವರ್ಷಗಳಲ್ಲೇ ಊರಲ್ಲಿ ಅವ್ವನ ಬೆನ್ನು ಹಿಡಿದುಕೊಂಡದ್ದು. ಅಕ್ಕ ಕಾಲೇಜು ಬಿಟ್ಟು, ಆಮೇಲೆ ಮನೆಯಲ್ಲೇ ಕೂತು ಬಿ.ಕಾಂ. ಪರೀಕ್ಷೆ ಕಟ್ಟಿದಳು. ರಜೆಗೆ ಹೋದಾಗ ಅಡುಗೆಮನೆಯಿಂದ ಅವಳ ದನಿ ಕೇಳಿಸುತ್ತಿತ್ತು, ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು. ಅವನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ರಿನ್‌ಳ ಕಥೆ ನೋಡುತ್ತಿದ್ದ.

ಒಂದು ಭಾನುವಾರ ಅವಳೇ ಫೋನ್ ಮಾಡಿದಳು. ಅವ್ವನ ಗುಳಿಗೆ, ನಳದ ನೀರು, ಓಣಿಯವರ ಮದುವೆ ಎಲ್ಲ ಮುಗಿದ ಮೇಲೆ ಕೇಳಿದಳು.

"ಆ ಹುಡುಗಿ ಕಥಿ ಬಂತೇನೋ?"

"ಬಂತು."

"ಏನಾತು ಮತ್ತ?"

ಎಲ್ಲಿಂದ ಹೇಳಬೇಕೆಂದು ಅವನಿಗೆ ತಿಳಿಯಲಿಲ್ಲ. "ಆಕಿ ಕೈಯಾಗ ಭಾಳ ಮಂದಿ ಸತ್ರು," ಎಂದ.

ಅಕ್ಕ ತುಸು ಹೊತ್ತು ಸುಮ್ಮನಿದ್ದಳು.

"ಅಡಗಿ ಮಾಡೂದು ಬಿಟ್ಟಳಿಲ್ಲೊ?"

"ಸ್ವಲ್ಪ ದಿನ."

"ಚಲೋ ಆತು ಬಿಡು," ಎಂದು ಅಕ್ಕ ಹಾಲು ಉಕ್ಕುತ್ತಿದೆ ಎಂದು ಫೋನ್ ಇಟ್ಟಳು.

ಲ್ಯಾಪ್‌ಟಾಪಿನ ಮೇಲೆ ಈಗಲೂ ರಿನ್ ಇದ್ದಾಳೆ. ಕೊನೆಯ ಅಧ್ಯಾಯದಲ್ಲಿ, ಚೆರ್ರಿ ಹೂ ಬಿಡುವ ಕಾಲಕ್ಕೆ, ಅವಳು ತಂಗಿಯ ಮನೆಗೆ ಬರುತ್ತಾಳೆ.