ಯಾರ ಮಗ, ಯಾವ ಕುಲ?

1994ರ ಸೆಪ್ಟೆಂಬರ್. ಅಲ್ಜೀರಿಯಾದ ತಿಂದೂಫ್ ಊರಿನಾಚೆ, ಹುಲ್ಲುಕಡ್ಡಿಯೂ ಕಾಣದ ಕಲ್ಲುಬಯಲು. ಪಶ್ಚಿಮ ಸಹಾರಾ ಬಿಟ್ಟು ಬಂದ ಸಹ್ರಾವಿ ನಿರಾಶ್ರಿತರ ಶಿಬಿರದಲ್ಲಿ ಒಂದು ಕೋಣೆಯ ಮುಂದೆ ಉದ್ದನೆಯ ಸಾಲು. ನೀವೂ ಅದರಲ್ಲಿ ನಿಂತಿದ್ದೀರಿ. ಮುಂದಿರುವ ಮುದುಕರೊಬ್ಬರು ಮುಖಕ್ಕೆ ಸುತ್ತಿದ ರುಮಾಲು ಸಡಿಲಿಸಿ, ನಿಲುವಂಗಿಯ ಜೇಬಿನಿಂದ ಸ್ಪೇನ್ ಸರ್ಕಾರದ ಕಾಲದ ಗುರುತಿನ ಚೀಟಿ ತೆಗೆಯುತ್ತಾರೆ. ಅಂಚೆಲ್ಲ ಸವೆದಿದೆ. ಫೋಟೊದಲ್ಲಿರುವುದು ಕಪ್ಪು ಮೀಸೆಯ ತರುಣ.

ಸಾಲು ಸರಿಯುವುದು ನಿಧಾನ. ಅದಕ್ಕೇನು, ಇವರು ಕಾದಿರುವುದು ಇವತ್ತು ನಿನ್ನೆಯಿಂದಲ್ಲ. ನಿಮ್ಮ ವಸಾಹತಾದ ಪಶ್ಚಿಮ ಸಹಾರಾದಲ್ಲಿ ಜನಮತಗಣನೆ ಮಾಡಿಸಿ ಎಂದು ವಿಶ್ವಸಂಸ್ಥೆಯ ಮಹಾಸಭೆ ಸ್ಪೇನಿಗೆ ಹೇಳಿದ್ದು 1966ರಲ್ಲಿ. ಸ್ಪೇನ್ ಎಂಟು ವರ್ಷ ತಳ್ಳಿ, 1974ರಲ್ಲಿ ತಲೆ ಎಣಿಸಿತು: ಸುಮಾರು 74 ಸಾವಿರ ಜನ. ಮರುವರ್ಷ ಅಕ್ಟೋಬರ್ 16ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಈ ನೆಲ ತನ್ನದೆಂಬ ಮೊರೊಕ್ಕೊದ ವಾದದ ಬಗ್ಗೆ ಅಭಿಪ್ರಾಯ ಕೊಟ್ಟಿತು. ಮೊರೊಕ್ಕೊದ ಸುಲ್ತಾನನಿಗೆ ಇಲ್ಲಿನ ಕೆಲವು ಕುಲಗಳು ನಿಷ್ಠೆ ತೋರಿದ್ದುಂಟು, ಆದರೆ ಅದು ಒಡೆತನವಲ್ಲ, ಜನರ ಸ್ವನಿರ್ಣಯದ ಹಕ್ಕು ಹಾಗೇ ಇದೆ ಎಂದಿತು. ಮೊರೊಕ್ಕೊದ ದೊರೆ ಎರಡನೇ ಹಸನ್ ಅದೇ ದಿನ ‘ಹಸಿರು ಮೆರವಣಿಗೆ’ ಸಾರಿದ. ನವೆಂಬರ್ 6ರಂದು ಕುರಾನ್ ಹಿಡಿದ ಜನ ಗಡಿ ದಾಟತೊಡಗಿದರು. ಇದಕ್ಕೆಂದು ಸೇರಿದವರು ಮೂರೂವರೆ ಲಕ್ಷ. ವಾರ ಕಳೆಯುತ್ತಲೇ ಸ್ಪೇನ್ ಮ್ಯಾಡ್ರಿಡ್‌ನಲ್ಲಿ ಕೂತು ಆಡಳಿತವನ್ನು ಮೊರೊಕ್ಕೊ, ಮಾರಿಟಾನಿಯಾಗಳಿಗೆ ಒಪ್ಪಿಸಿ ಕೈತೊಳೆದುಕೊಂಡಿತು. ಸ್ವಾತಂತ್ರ್ಯ ಬೇಡುವ ಸಹ್ರಾವಿ ಸಂಘಟನೆ ಪೊಲಿಸಾರಿಯೊ ಬಂದೂಕು ಹಿಡಿದು ಹೋರಾಡಿತು, ಸಂಸಾರಗಳು ಈ ಬಯಲಿಗೆ ಓಡಿಬಂದವು. 1979ರಲ್ಲಿ ಮಾರಿಟಾನಿಯಾ ಹಿಂದೆ ಸರಿಯಿತು. 1991ರ ಸೆಪ್ಟೆಂಬರ್ 6ರಂದು ಕದನವಿರಾಮ. ಮರುವರ್ಷ ಜನವರಿಯಲ್ಲೇ ಮತದಾನ ಎಂಬ ಮಾತಾಗಿತ್ತು: ಸ್ವಾತಂತ್ರ್ಯವೋ, ಮೊರೊಕ್ಕೊ ಜತೆ ವಿಲೀನವೋ? ಅದು ನಡೆಯಲಿಲ್ಲ. ಯಾರು ಮತ ಹಾಕಬಹುದೆಂದು ಗುರುತಿಸುವುದಕ್ಕೇ ಈಗ ಈ ಸಾಲು.

ಮುದುಕರ ಸರದಿ ಬಂತು. ಒಳಗೆ ಇಣುಕಿ. ಮೇಜಿನ ಆಚೆ ವಿಶ್ವಸಂಸ್ಥೆಯ ಅಧಿಕಾರಿ. ಪಕ್ಕದಲ್ಲಿ ಕುಲದ ಹಿರಿಯರಾದ ಇಬ್ಬರು ಶೇಖ್‌ಗಳು, ಮೊರೊಕ್ಕೊ ಮತ್ತು ಪೊಲಿಸಾರಿಯೊ ಕಡೆಯಿಂದ ಒಬ್ಬೊಬ್ಬರು. ಹಿಂದೆ ವೀಕ್ಷಕರು.

“ನಿಮ್ಮ ತಂದೆಯ ಹೆಸರು? ಅಜ್ಜನದು? ಯಾವ ಕುಲ, ಯಾವ ಕವಲು?”

ಮುದುಕರು ಒಂದೇ ಉಸಿರಿಗೆ ಹೇಳುತ್ತಾರೆ. ಒಂಟೆಗಳ ಹಿಂದೆ ಅಲೆದವರಿಗೆ ಎಲ್ಲಿಯ ಪಹಣಿ, ಎಲ್ಲಿಯ ಜನನ ಪತ್ರ! ಬಾಯಿಮಾತೇ ಸಾಕ್ಷಿ. ಒಬ್ಬ ಶೇಖ್ ತಲೆಯಾಡಿಸುತ್ತಾರೆ. ಇನ್ನೊಬ್ಬರು, “ಈ ಮನೆತನ ನನಗೆ ಗೊತ್ತಿಲ್ಲ” ಎನ್ನುತ್ತಾರೆ. ಅಧಿಕಾರಿ ಎರಡನ್ನೂ ಬರೆದುಕೊಳ್ಳುತ್ತಾರೆ. ಮುದುಕರು ಹೆಬ್ಬೆಟ್ಟು ಒತ್ತಿ ಹೊರಬರುತ್ತಾರೆ. ಪಟ್ಟಿಯಲ್ಲಿ ಹೆಸರು ಉಳಿಯಿತೋ ಇಲ್ಲವೋ, ಇವತ್ತು ಯಾರೂ ಹೇಳುವುದಿಲ್ಲ.

ಜಗಳವೆಲ್ಲ ಈ ಮೇಜಿನ ಮೇಲೆಯೇ. 1974ರ ಎಣಿಕೆಯೇ ಸಾಕು ಎನ್ನುತ್ತದೆ ಪೊಲಿಸಾರಿಯೊ. ದಕ್ಷಿಣ ಮೊರೊಕ್ಕೊದಲ್ಲಿ ನೆಲೆಸಿದ ಕುಲಗಳನ್ನೂ ಸೇರಿಸಿ ಎನ್ನುತ್ತದೆ ಮೊರೊಕ್ಕೊ. ಯಾರು ಮತದಾರರು ಎಂದು ತೀರ್ಮಾನವಾದರೆ ಗೆಲ್ಲುವವರು ಯಾರೆಂಬುದೂ ತೀರ್ಮಾನವಾದಂತೆಯೇ. ಇದು ಇಬ್ಬರಿಗೂ ಗೊತ್ತು. ಹಾಗಾಗಿಯೇ ಯಾರೂ ಒಂದು ಹೆಸರನ್ನೂ ಸುಮ್ಮನೆ ಬಿಡುವುದಿಲ್ಲ.

2000ದ ಆರಂಭಕ್ಕೆ ಬನ್ನಿ. ಪಟ್ಟಿ ಸಿದ್ಧವಾಗಿದೆ, ಸುಮಾರು 86 ಸಾವಿರ ಹೆಸರು. ಅದರ ಮೇಲೆ ಬಂದ ಮೇಲ್ಮನವಿಗಳು ಒಂದು ಲಕ್ಷ 30 ಸಾವಿರದಷ್ಟು! ಪಟ್ಟಿಗಿಂತ ತಕರಾರೇ ದೊಡ್ಡದು. ಕೆಲಸ ಅಲ್ಲಿಗೆ ನಿಂತಿತು. ಪೊಲಿಸಾರಿಯೊ ಸಾರಿದ್ದ ಸಹ್ರಾವಿ ಗಣರಾಜ್ಯಕ್ಕೆ 1985ರಲ್ಲಿ ಮಾನ್ಯತೆ ಕೊಟ್ಟಿದ್ದ ಭಾರತವೂ 2000ದಲ್ಲೇ ಅದನ್ನು ಹಿಂತೆಗೆದುಕೊಂಡಿತು. ವಿಶ್ವಸಂಸ್ಥೆಯ ದೂತ ಜೇಮ್ಸ್ ಬೇಕರ್ 2003ರಲ್ಲಿ ತಂದ ಶಾಂತಿ ಯೋಜನೆಯನ್ನು ಪೊಲಿಸಾರಿಯೊ ಒಪ್ಪಿತು, ಮೊರೊಕ್ಕೊ ಒಪ್ಪಲಿಲ್ಲ. ಮರುವರ್ಷ ಬೇಕರ್ ರಾಜೀನಾಮೆ ಕೊಟ್ಟರು.

ಜನಮತಗಣನೆ ತಪ್ಪಿಸಬೇಕಾದವರು ಅದನ್ನು ಬೇಡವೆನ್ನಬೇಕಿಲ್ಲ, ಪಟ್ಟಿಯನ್ನು ಎಳೆದಾಡಿದರೆ ಸಾಕಾಯಿತು. 2025ರ ಅಕ್ಟೋಬರ್ 31ರಂದು ಭದ್ರತಾ ಮಂಡಳಿ ಮೊರೊಕ್ಕೊ ಮುಂದಿಟ್ಟ ಸ್ವಾಯತ್ತತೆಯ ಯೋಜನೆಯನ್ನೇ ಮಾತುಕತೆಗೆ ಆಧಾರ ಎಂದಿತು. ಪಶ್ಚಿಮ ಸಹಾರಾದಲ್ಲಿ ಜನಮತಗಣನೆಯ ಒಂದು ಮತವೂ ಇದುವರೆಗೆ ಬಿದ್ದಿಲ್ಲ.