ಉಡುವುದೋ, ತೊಡುವುದೋ?

ಇಂಗ್ಲಿಷಿನವನಿಗೆ ‘ವೇರ್’ ಎಂಬ ಒಂದೇ ಕ್ರಿಯಾಪದ ಸಾಕು. ಟೋಪಿಯಿಂದ ಪಾದರಕ್ಷೆಯವರೆಗೆ, ಕನ್ನಡಕದಿಂದ ಉಂಗುರದವರೆಗೆ ಎಲ್ಲವೂ ಅದರಲ್ಲಿ ಅಡಗುತ್ತವೆ. ಆ ಒಂದು ಮಾತನ್ನು ಜಪಾನೀ ಭಾಷೆಗೆ ತರಹೊರಟ ಅನುವಾದಕನಾದರೋ ಮೊದಲು ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಬೇಕು. ಅಂಗಿಗೆ ‘ಕಿರು’, ಷರಾಯಿ, ಕಾಲುಚೀಲ, ಪಾದರಕ್ಷೆಗಳಿಗೆ ‘ಹಕು’, ಟೋಪಿಗೆ ‘ಕಬುರು’, ಕನ್ನಡಕಕ್ಕೆ ‘ಕಕೆರು’, ಉಂಗುರಕ್ಕೆ ‘ಹಮೆರು’. ‘ಹಕು’ ಎಂಬುದು ಕನ್ನಡದ ‘ಹಾಕು’ವಿನ ನಂಟನೆಂದು ಭ್ರಮಿಸಿ ಎಲ್ಲೆಡೆಯೂ ಬಳಸಿದರೆ, ತಲೆಯ ಮೇಲಿನ ಟೋಪಿ ಕಾಲಿಗಿಳಿಯುತ್ತದೆ!

ಕನ್ನಡದ ಗೃಹಿಣಿಗೆ ಇದು ಸೋಜಿಗವೆನಿಸಲಾರದು. ಆಕೆ ಸೀರೆ ಉಡುತ್ತಾಳೆ, ಬಳೆ ತೊಡುತ್ತಾಳೆ, ಹೂ ಮುಡಿಯುತ್ತಾಳೆ, ಶಾಲು ಹೊದೆಯುತ್ತಾಳೆ, ಕುಂಕುಮ ಇಡುತ್ತಾಳೆ. ಮಲ್ಲಿಗೆಯನ್ನು ‘ಉಟ್ಟಳು’ ಎಂದು ಯಾರಾದರೂ ಬರೆದರೆ ಮನೆಯ ಮಕ್ಕಳೂ ನಕ್ಕಾರು.

ಆದರೆ ಇದು ನಿಘಂಟು ಬಗೆಹರಿಸಬಲ್ಲ ತೊಡಕು. ವಸ್ತು ಯಾವುದೆಂದು ತಿಳಿದರೆ ಕ್ರಿಯಾಪದ ತಾನಾಗಿ ಒದಗುತ್ತದೆ. ‘ಕೊಡು’ ಎಂಬಲ್ಲಿ ಮಾತ್ರ ನಿಘಂಟು ಕೈಬಿಡುತ್ತದೆ. ಅಲ್ಲಿ ಅರಿಯಬೇಕಾದುದು ವಸ್ತುವನ್ನಲ್ಲ, ಮನುಷ್ಯರನ್ನು. ತಾನಾಗಲಿ ತನ್ನವರಾಗಲಿ ಪರರಿಗೆ ಕೊಟ್ಟರೆ ‘ಅಗೆರು’; ಪರರು ತನಗೋ ತನ್ನವರಿಗೋ ಕೊಟ್ಟರೆ ‘ಕುರೆರು’. ಹಿರಿಯರಿಗೆ ಒಪ್ಪಿಸಿದರೆ ‘ಸಶಿಅಗೆರು’. ಹಿರಿಯರು ದಯಪಾಲಿಸಿದರೆ ‘ಕುದಸರು’. ಗಿಡಕ್ಕೆ ನೀರು, ನಾಯಿಗೆ ಅನ್ನ ಎಂಬಲ್ಲಿ ‘ಯರು’.

ಇಂಗ್ಲಿಷ್ ಕಥೆಯೊಂದರಲ್ಲಿ ‘ಮಲತಾಯಿ ಮಗುವಿಗೆ ರೊಟ್ಟಿ ಕೊಟ್ಟಳು’ ಎಂಬ ವಾಕ್ಯ ಬಂದಿತೆನ್ನಿ. ಮೂಲ ಲೇಖಕನು ಯಾರ ಪಕ್ಷವನ್ನೂ ಹಿಡಿಯದೆ ಹೇಳಿ ಮುಗಿಸಿದ್ದಾನೆ. ಅನುವಾದಕನಿಗೆ ಆ ಸ್ವಾತಂತ್ರ್ಯ ಸುಲಭವಲ್ಲ. ‘ಕುರೆರು’ ಎಂದನೋ, ಕಥೆ ಮಗುವಿನ ಮಗ್ಗುಲಿಗೆ ಬಂದು ಕುಳಿತು, ಆ ರೊಟ್ಟಿಯಲ್ಲಿ ಒಂದು ಉಪಕಾರವನ್ನು ಕಾಣುತ್ತದೆ. ‘ಯರು’ ಎಂದನೋ, ಮಲತಾಯಿಯ ಎತ್ತರದಿಂದ ಮಗುವನ್ನು ಕೆಳಗೆ ನೋಡಿದಂತಾಗಬಹುದು. ‘ಅತಎರು’ ಎಂಬ ಗ್ರಾಂಥಿಕ ಪದದ ಮರೆ ಹೊಕ್ಕರೆ ಈ ಇಕ್ಕಟ್ಟಿನಿಂದ ಪಾರಾಗಬಹುದು, ನಿಜ. ಆದರೆ ಮನೆಯ ಊಟಕ್ಕೆ ಕಚೇರಿಯ ಭಾಷೆಯನ್ನು ಬಡಿಸಿದಂತಾದೀತು.

ಲೇಖಕನು ಹೇಳದೆ ಬಿಟ್ಟುದನ್ನು ಅನುವಾದಕನು ಹೇಳಲೇಬೇಕಾಗುವ ಗಳಿಗೆ ಇದು. ಆತನು ಆರಿಸುವ ಒಂದು ಪದದಿಂದ ಮಲತಾಯಿ ಕರುಣಾಮಯಿಯೂ ಆದಾಳು, ಕಠಿಣಳೂ ಆದಾಳು. ಇಂಗ್ಲಿಷನ್ನು ಅರಿಯದ ಓದುಗನಿಗೆ ಅವಳೇ ನಿಜವಾದ ಮಲತಾಯಿ. ಆದುದರಿಂದ ಬಲ್ಲ ಅನುವಾದಕನು ಇಂತಹ ಎಡೆಯಲ್ಲಿ ನಿಘಂಟನ್ನು ಮುಚ್ಚಿ, ಕಥೆಯನ್ನು ಮತ್ತೆ ಮೊದಲಿನಿಂದ ಓದುತ್ತಾನೆ. ಆ ಮನೆಯಲ್ಲಿ ಮಗುವಿನ ಹಸಿವನ್ನು ಕಂಡವರು ಯಾರೆಂಬುದು ಗೊತ್ತಾದ ಬಳಿಕವೇ ಲೇಖನಿಯನ್ನು ಎತ್ತಿಕೊಳ್ಳುತ್ತಾನೆ.