ಯುದ್ಧದಲ್ಲಿವ್ನಿ, ಆಮೇಲ್ ಬನ್ನಿ

ಅಕ್ಕದೀರಾ, ತಂಗ್ಯಮ್ಮದೀರಾ, ಹೋದ್ ಸಲ ಹುರುಳಿಕಾಳ್ ಬಸ್ಸಾರಿನ ಬಗ್ಗೆ ಬರ್ದಿದ್ದೆ. ಓದಿ ಮಳವಳ್ಳಿ ಚಿಗವ್ವ ಫೋನ್ ಮಾಡಿದ್ರು. "ಸಾರೇನೋ ಸಂದಾಗಿತ್ತು ಕಣವ್ವ. ಈ ಹೈಕ್ಳು ಫೋನಲ್ಲಿ ಡಂ ಡಂ ಅಂತ ಗುಂಡು ಹಾರಿಸ್ಕಂಡ್ ಕುಂತಿರ್ತವಲ್ಲ, ಅದೇನಂತ ಒಸಿ ಬರಿ" ಅಂದ್ರು. ಅವರ ಮನೆಗೆ ನೆಂಟ್ರು ಬಂದ್ರೆ ಮೊಮ್ಮಗ ತಲೆ ಎತ್ತದೆ, "ಯುದ್ಧದಲ್ಲಿವ್ನಿ, ಆಮೇಲ್ ಬನ್ನಿ" ಅಂದ್ನಂತೆ. ನೆಂಟ್ರು ನಕ್ರಂತೆ, ಚಿಗವ್ವಂಗೆ ಮಾತ್ರ ನಗು ಬರ್ಲಿಲ್ಲ.

ನಮ್ಮನೇಲೂ ಅಂಥೋನು ಒಬ್ಬ ಅವ್ನೆ. ನನ್ನ ಮಗ, ಎರಡನೇ ಪಿಯುಸಿ. ಕೊರೋನಾ ಕಾಲದಲ್ಲಿ ಪಾಠಕ್ಕೆ ಅಂತ ತಂದ ಫೋನು, ಪಾಠ ಮುಗಿದ್ರೂ ಅವನ ಕೈ ಬುಟ್ಟಿಲ್ಲ. ಬೈಯೋಕ್ ಮುಂಚೆ ಅದೇನು ಅಂತ ತಿಳ್ಕಳಣ ಅಂತ ನಾಕಾರು ಸಂಜೆ ಅವನ ಪಕ್ಕದಲ್ಲೇ ಅವರೆಕಾಯಿ ಬುಡಿಸ್ತಾ ಕುಂತೆ.

ಆಟದ ಹೆಸ್ರು ಬಿಜಿಎಂಐ. ಮೊದ್ಲು ಪಬ್‌ಜಿ ಅಂತಿದ್ರಲ್ಲ, ಅದೇ ಗೋತ್ರದ್ದು. 2020ರ ಸೆಪ್ಟೆಂಬರಲ್ಲಿ ಸರ್ಕಾರ ಪಬ್‌ಜಿ ನಿಲ್ಲಿಸ್ತು. 2021ರ ಜುಲೈನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ನಮ್ಮ ದೇಶಕ್ಕೆ ಅಂತ್ಲೇ ಇದನ್ನ ತಂತು. 2022ರಲ್ಲಿ ಇದೂ ನಿಂತು, 2023ರ ಮೇ ತಿಂಗಳಲ್ಲಿ ತಿರ್ಗಾ ಬಂತು. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕ್ತಾರೆ. ಎರಾಂಗಲ್ ಅನ್ನೋ ದ್ವೀಪ ಎಂಟು ಕಿಲೋಮೀಟ್ರು ಉದ್ದ, ಎಂಟು ಕಿಲೋಮೀಟ್ರು ಅಗಲ. ಖಾಲಿ ಮನೆಗಳಿಗೆ ನುಗ್ಗಿ ಬಂದೂಕು, ಗುಂಡು, ಬ್ಯಾಂಡೇಜು ಹುಡುಕ್ಕೋಬೇಕು. ಸುತ್ತಲೂ ಒಂದು ಗೆರೆ ಕಿರಿದಾಗ್ತಾ ಬರ್ತದೆ, ಆಚೆ ಉಳಿದೋನಿಗೆ ಉಳಿಗಾಲ ಇಲ್ಲ. ಕೊನೇವರ್ಗೂ ಉಳಿದ ತಂಡ ಗೆದ್ದಂಗೆ. ನಮ್ಮ ದೇಶಕ್ಕೆ ತಂದಾಗ ರಕ್ತಕ್ಕೆ ಹಸಿರು ಬಣ್ಣ ಕೊಟ್ರು, ಹದಿನೆಂಟು ತುಂಬ್ದೇ ಇರೋರು ದಿನಕ್ಕೆ 3 ಗಂಟೆ ಮಾತ್ರ ಆಡ್ಬೇಕು ಅಂತ ಕಟ್ಟೂ ಮಾಡಿದ್ರು.

ತಂಡಕ್ಕೆ ನಾಕು ಜನ. ನನ್ನ ಮಗನ ತಂಡದೋರೆಲ್ಲ ಹೈಸ್ಕೂಲಲ್ಲಿ ಒಂದೇ ಬೆಂಚಿನೋರು. ಈಗ ಒಬ್ಬ ಬೆಳಕವಾಡಿಲಿ ಅವ್ನೆ, ಒಬ್ಬ ಕೊಳ್ಳೇಗಾಲದಲ್ಲಿ ಐಟಿಐ ಓದ್ತಾವ್ನೆ, ಇನ್ನೊಬ್ಬ ಅಪ್ಪ ತೀರ್ಕೊಂಡ ಮೇಲೆ ಓದು ಬುಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋದ. ರಾತ್ರಿ ಎಂಟೂವರೆಗೆ ನಾಲ್ವರೂ ಆ ದ್ವೀಪದಲ್ಲೇ ಸಿಗೋದು. ಗುಂಡು ಹಾರ್ಸೋದು ಸ್ವಲ್ಪ ಹೊತ್ತು, ಮಾತೇ ಜಾಸ್ತಿ. "ಉಂಡ್ಯೇನ್ಲಾ?" "ಇವತ್ತೂ ಓಟಿ ಮಾಡ್ಸಿದ್ರಾ?" ಇಂಥವೇ. ಅವರೆಕಾಯಿ ಬುಡಿಸ್ತಾ ನನಗೆ ಗೊತ್ತಾಗಿದ್ದು ಇದು. ಬೆಂಗಳೂರಲ್ಲಿರೋ ಆ ಹೈದಂಗೆ ದಿನಕ್ಕೊಂದ್ ಸಲ ಹೆಸರು ಹಿಡಿದು "ಉಂಡ್ಯಾ" ಅಂತ ಕೇಳೋರು ಈ ಮೂವರೇ.

ಇನ್ನೊಂದು ಕೇಳಿ. ತಂಡದಲ್ಲಿ ಒಬ್ಬಂಗೆ ಗುಂಡು ಬಿದ್ರೆ ತಕ್ಷಣ ಸಾಯಲ್ಲ, ನೆಲದ ಮೇಲೆ ತೆವಳ್ತಾ ಇರ್ತಾನೆ. ಜೊತೆಯೋನು ಬಂದು ಪಕ್ಕ ಕುಂತು, ಒಂದು ಹತ್ತು ಸೆಕೆಂಡು ಅಲ್ಲಾಡ್ದೆ ಅವನನ್ನ ಎತ್ಬೇಕು. ಅಷ್ಟೊತ್ತು ಎತ್ತೋನ ಜೀವಕ್ಕೂ ಅಪಾಯ. ಅದಕ್ಕೆ ಇನ್ನೊಬ್ಬ ಹೊಗೆ ಎಸೀತಾನೆ, ಮತ್ತೊಬ್ಬ ಎದುರಾಳಿ ಕಡೆ ಗುಂಡು ಹಾರಿಸ್ತಾ ತಡೀತಾನೆ. ಅದನ್ನ ಕವರ್ ಕೊಡೋದು ಅಂತಾರೆ. ಬಿದ್ದೋನು "ಬುಟ್ಬುಡ್ಲಾ, ನೀನೂ ಸಾಯ್ತೀಯ" ಅಂದ್ರೆ ನನ್ನ ಮಗ "ಸುಮ್ನಿರ್ಲಾ, ಬತ್ತಾವ್ನಿ" ಅಂತಾನೆ. ನನಗೆ ನಾಟಿ ಗದ್ದೆ ನೆಪ್ಪಾಯ್ತು. ಮುಯ್ಯಾಳಿಗೆ ಹೋದಾಗ ಸಾಲಲ್ಲಿ ಒಬ್ಬಳು ಹಿಂದೆ ಬಿದ್ರೆ, ಎರಡು ಮಗ್ಗುಲೋರೂ ಬಾಯಿ ಬುಡದೆ ಅವಳ ಪಾಲಿಗೂ ನಾಕು ಪೈರು ನಡ್ತಿದ್ರಲ್ಲ, ಹಂಗೆ.

ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ ಮಾಡೋ ನಮ್ಮಣ್ಣನ ಮಗ ಹಬ್ಬಕ್ಕೆ ಬಂದಾಗ ಹೇಳ್ದ, "ಅತ್ತೆ, ಇದು ಚಿಕ್ಕ ಮಕ್ಕಳ ಆಟ. ನಾವು ಆಡೋದು ಸ್ಕ್ವಾಡ್ ಅಂತ." ಅದ್ರಲ್ಲಿ ಒಂದು ಕಡೆಗೆ ಐವತ್ತು ಜನ, ಇನ್ನೊಂದು ಕಡೆಗೆ ಐವತ್ತು. ಒಂದು ತುಕಡಿಗೆ ಒಂಬತ್ತು ಜನರವರೆಗೆ. ಒಬ್ಬ ನಾಯಕ, ಗಾಯ ನೋಡೋಕೆ ಮದ್ದಿನೋನು, ನಾಯಕರ ನಡುವೆ ಬೇರೆ ರೇಡಿಯೋ. ಒಬ್ಬನೇ ಶೂರನಂಗೆ ಓಡಿದ್ರೆ ಎರಡೇ ನಿಮಿಷಕ್ಕೆ ಹೊಡೆಸ್ಕೊಂಡು ಬೀಳ್ತಾನಂತೆ. ಆರ್ಮಾ ಅಂತ ಇನ್ನೊಂದು ಆಟ ಇದೆ. ಜೆಕ್ ದೇಶದ ಅದೇ ಬೊಹೀಮಿಯಾ ಕಂಪನಿ ಕಡೆಯಿಂದ ಬಂದ ವಿಬಿಎಸ್ ಅನ್ನೋದನ್ನ ನಿಜವಾದ ಸೈನ್ಯಗಳೇ ತರಬೇತಿಗೆ ಬಳಸವ್ರೆ. ಅಲ್ಲಿ ಕಲಿಸೋದು ಗುರಿ ಇಡೋದಕ್ಕಿಂತ ಒಬ್ಬರ ಮಾತು ಒಬ್ಬರು ಕೇಳೋದನ್ನ. ಸೈನ್ಯಕ್ಕೂ ಬೇಕಾಗಿರೋದು ಅದೇ ಅಂತೆ.

ಇಷ್ಟೆಲ್ಲ ಒಳ್ಳೇದು ಇದ್ರೆ ಚಿಗವ್ವಂಗೆ ನಗು ಯಾಕೆ ಬರ್ಲಿಲ್ಲ? ತೊಂದ್ರೆ ಇರೋದು ಕಿವಿ ವಿಷ್ಯದಲ್ಲಿ.

ಈ ಆಟ ಕಣ್ಣಿಗಿಂತ ಕಿವೀಲಿ ಆಡೋದು. ಗೋಡೆ ಆಚೆ ಹೆಜ್ಜೆ ಸದ್ದು ಬಲಕ್ಕೋ ಎಡಕ್ಕೋ, ಬೂಟು ಹುಲ್ಲಿನ ಮೇಲೋ ಹಲಗೆ ಮೇಲೋ, ಎಲ್ಲ ಇಯರ್‌ಫೋನಲ್ಲಿ ಕೇಳ್ತದೆ. ಅದಕ್ಕೇ ಎರಡೂ ಕಿವಿ ಮುಚ್ಕೊಂಡು ಕೂರ್ತಾರೆ. ಹೋದ ಕಾರ್ತೀಕದಲ್ಲಿ ಒಂದು ಸಂಜೆ ನಾನು ರೇಷನ್ ತರಕ್ಕೆ ಹೋಗಿದ್ದೆ. ನಮ್ಮತ್ತೆಗೆ ಸಕ್ಕರೆ ಕಾಯಿಲೆ. ಮಾತ್ರೆ ತಕ್ಕೊಂಡು ಊಟ ತಡವಾಗಿ, ಮೈ ಬೆವರಿ ಕೈ ನಡುಗಿ, ನಡುಮನೇಲೇ ಕುಸಿದವ್ರೆ. ಮೊಮ್ಮಗನ್ನ ಮೂರು ಸಲ ಕೂಗವ್ರೆ. ಅವನು ಪಕ್ಕದ ರೂಮಲ್ಲೇ ಅವ್ನೆ. ಐವತ್ತು ಮೀಟ್ರು ದೂರದ ಬೂಟಿನ ಸದ್ದು ಕೇಳೋನಿಗೆ ಐದು ಮಾರು ಆಚೆ ಅಜ್ಜಿ ದನಿ ಕೇಳ್ಲಿಲ್ಲ. ಹಿತ್ತಲ ಬೇಲಿ ಆಚೆಯಿಂದ ಪಕ್ಕದ ಮನೆ ದೊಡ್ಡವ್ವ ಕೇಳಿಸ್ಕೊಂಡು ಓಡಿ ಬಂದು ಬೆಲ್ಲದ ನೀರು ಕುಡಿಸಿದ್ರು. ನಾನು ಬರೋ ಹೊತ್ತಿಗೆ ಅತ್ತೆ ಗೋಡೆಗೆ ಒರಗಿ ಕುಂತಿದ್ರು. ಹೈದ ಅವರ ಕಾಲು ಹಿಡ್ಕಂಡು ಬೆಪ್ಪಾಗಿ ಕುಂತಿದ್ದ. ಫೋನು ನೆಲದ ಮೇಲಿತ್ತು, ಅದರೊಳಗಿಂದ "ಎಲ್ಲೋದ್ಲಾ ಮಗಾ" ಅಂತ ಮೂವರೂ ಕೂಗ್ತಿದ್ರು.

ಅವರಪ್ಪ ಫೋನ್ ಒಡೆದಾಕ್ತೀನಿ ಅಂತ ಎದ್ರು. ನಾನು ತಡೆದೆ. ಒಡೆದ್ರೆ ಫೋನ್ ಹೋಯ್ತದೆ, ಕಿವಿ ತೆರೆಯಲ್ಲ. ಎರಡು ದಿನ ಬುಟ್ಟು ಅವನನ್ನ ಕೂರಿಸ್ಕೊಂಡು ಕೇಳ್ದೆ, "ಆ ಬೆಂಗಳೂರ್ ಹೈದ ಬಿದ್ರೆ ಎಷ್ಟೊತ್ತಿಗೆ ಹೋಗ್ತೀಯ ಮಗಾ?" "ತಕ್ಷಣ." "ನಮ್ಮ ತಂಡದಲ್ಲಿ ಎಷ್ಟ್ ಜನ ಅವ್ರೆ?" ಅವನು ಮಾತಾಡ್ಲಿಲ್ಲ. ಬೆರಳು ಮಡಚಿ ತೋರಿಸ್ದ, ನಾಕು. ಅಪ್ಪ, ಅವ್ವ, ಅಜ್ಜಿ, ಅವನು.

ಅದೇ ದಿನ ಗುಡಿಗೆರೆ ಗುರು ಮಾತೂ ಬಂತು. ನಿಮಗೆಲ್ಲ ನೆಪ್ಪಿರ್ತದೆ. 2019ರ ಫೆಬ್ರವರಿ 14ಕ್ಕೆ ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಜನ ಹೋದ್ರಲ್ಲ, ಅವರಲ್ಲಿ ನಮ್ಮ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು ಒಬ್ರು. ಇಡೀ ಮಂಡ್ಯ ಜಿಲ್ಲೇನೇ ಅತ್ತಿತ್ತು. ಅವತ್ತು ಯಾರೂ ಹತ್ತು ಸೆಕೆಂಡು ಪಕ್ಕ ಕುಂತು ಅವರನ್ನ ಎತ್ತಕ್ಕಾಗ್ಲಿಲ್ಲ. ಆಟ ಎಷ್ಟೇ ನಿಜದಂಗೆ ಮಾಡ್ಲಿ, ಬೂಟಿನ ಸದ್ದು, ಬಂದೂಕಿನ ಒದೆತ, ಹುಲ್ಲಿನ ಅಲುಗಾಟ ಎಲ್ಲ ತಂದ್ರೂ ಆ ಒಂದನ್ನ ತರಕ್ಕಾಗಲ್ಲ. ಆಟದಲ್ಲಿ ಸತ್ತೋನು ಅರ್ಧ ಗಂಟೆಗೆ ಮತ್ತೆ ವಿಮಾನ ಹತ್ತುತಾನೆ. ಗಗನಚುಕ್ಕಿ ಬಂಡೆ ಮೇಲೆ ಕಾಲು ಜಾರಿದೋರು ತಿರ್ಗಾ ಬರಲ್ಲ ಅನ್ನೋದನ್ನ ಈ ಊರಿನ ಮಕ್ಕಳಿಗೆ ಬೇರೆ ಹೇಳ್ಬೇಕಾಗಿಲ್ಲ. ಹೈದಂಗೂ ಅದು ಅರ್ಥ ಆಯ್ತು.

ಆಮೇಲೆ ಮನೇಲಿ ಒಂದು ಕಟ್ಟು ಮಾಡ್ಕೊಂಡ್ವಿ. ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ ಅವನ ಆಟ. ಆ ಹೊತ್ತಲ್ಲಿ ಹಾಲು ತಾ, ಬಾಗ್ಲು ಹಾಕು ಅಂತ ನಾವು ಕೂಗಲ್ಲ. ಆದ್ರೆ ಎಡಗಿವಿ ಮನೇದು, ಅದಕ್ಕೆ ಇಯರ್‌ಫೋನ್ ಹಾಕಂಗಿಲ್ಲ. ಒಂದೇ ಕಿವೀಲಿ ಆಡಿದ್ರೆ ಸೋಲ್ತೀನಿ ಅಂದ. ಸೋಲು ಅಂದೆ. ಮಾರನೇ ದಿನ ಅವನೇ ತಂಡಕ್ಕೆ ಹೇಳೋದು ಕೇಳಿಸ್ತು: "ನಮ್ಮಜ್ಜಿ ಕೂಗಿದ್ರೆ ನಾನ್ ಎದ್ದೋಯ್ತೀನಿ, ನೀವು ಕವರ್ ಕೊಡಿ." ಬೆಂಗಳೂರ್ ಹೈದ "ಹೋಗ್ಲಾ, ನಾವ್ ನೋಡ್ಕತೀವಿ" ಅಂದ. ಕೊಳ್ಳೇಗಾಲದೋನು ತನ್ನ ಮನೇಲೂ ಅದೇ ಕಟ್ಟು ಮಾಡ್ಕೊಂಡ್ನಂತೆ.

ಎಲ್ಲರ ಮನೇಲೂ ಇಷ್ಟು ಸಲೀಸಾಗಿ ಆಗ್ದೇ ಇರ್ಬೋದು. ಎಷ್ಟು ಹೊತ್ತು ಆಡ್ಬೇಕು ಅನ್ನೋದು ಮಗುವಿನ ಕೈ ಮೀರಿ, ಊಟ ನಿದ್ದೆ ಓದಿಗಿಂತ ಆಟನೇ ಮುಂದಾಗಿ, ಕೆಟ್ಟದಾಯ್ತಾ ಇದ್ರೂ ನಿಲ್ಲಿಸಕ್ಕಾಗ್ದೆ, ಹಿಂಗೇ ಸಾಮಾನ್ಯವಾಗಿ ಒಂದು ವರ್ಷನಾದ್ರೂ ನಡೆದ್ರೆ ಅದನ್ನ ಕಾಯಿಲೆ ಅಂತ್ಲೇ ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂದದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಅಂತ್ಲೇ 2014ರಿಂದ ಶಟ್ ಅನ್ನೋ ಚಿಕಿತ್ಸಾಲಯ ಇದೆ. ಹೋಗೋಕೆ ನಾಚ್ಕೆ ಪಡ್ಬೇಡಿ. ಜ್ವರಕ್ಕೆ ಹೋಗಲ್ವಾ, ಹಂಗೇ ಇದೂ.

ಅದಕ್ಕೆ ಮುಂಚೆ ಚಿಗವ್ವ, ಒಂದು ಸಂಜೆ ಮೊಮ್ಮಗನ ಪಕ್ಕ ಕುಂತ್ಕೊಂಡು ತಂಡದಲ್ಲಿ ಯಾರ್ಯಾರವ್ರೆ, ಅವರು ಯಾವೂರೋರು, ಉಂಡವ್ರಾ ಅಂತ ಕೇಳಿ. ಗುರುತಿನೋರಾದ್ರೆ ಮನೆ ಮಕ್ಕಳಂಗೆ ನೋಡ್ಕಳಿ. ಗುರುತಿಲ್ದೋರಾದ್ರೆ ಯಾರು ಅಂತ ಅವನ ಬಾಯಲ್ಲೇ ಹೇಳಿಸಿ, ದುಡ್ಡು ಗಿಡ್ಡು ಕೇಳ್ತಾರಾ ಅಂತಾನೂ ಇಚಾರಿಸಿ.

ನಮ್ಮತ್ತೆಗೆ ಈಗ ಆಟ ಅರ್ಧ ಬಂದದೆ. ಒಂಬತ್ತೂವರೆಗೆ ಮುದ್ದೆ ಮುಂದೆ ಕುಂತಾಗ ಗೆದ್ರಾ ಸೋತ್ರಾ ಅಂತ ಅವರು ಕೇಳಲ್ಲ. "ಬಿದ್ದೋನ್ನ ಎತ್ತಿದ್ರೇನ್ಲಾ?" ಅಂತಾರೆ. ಎತ್ತಿದ್ವಿ ಅಂದ್ರೆ ಅವನ ಸಾರಿಗೆ ಒಂದು ಚಮಚ ತುಪ್ಪ ಜಾಸ್ತಿ.